ಸೂರ್ ದಾರಿಯಲ್ಲಿ ಹನ್ನೆರಡು ವೋಲ್ಟಿನ ಲೆಕ್ಕ

ಮಸ್ಕತ್‌ನಿಂದ ಸೂರ್‌ಗೆ ಕರಾವಳಿ ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರ್. ರೂವಿಯಿಂದ ಹೊರಟು ವಾದಿ ಅದೈ ಕಣಿವೆ ದಾಟಿ ಅಮೆರಾತ್ ಮೇಲೆ ಹೋದರೆ ಕುರಿಯಾತ್‌ವರೆಗೂ ಬರೀ ಕಂದು ಬೆಟ್ಟ. ಕುರಿಯಾತ್ ಆದ ಮೇಲೆ ರಸ್ತೆಯ ಸ್ವಭಾವವೇ ಬದಲಾಗುತ್ತದೆ. ಎಡಕ್ಕೆ ಸಮುದ್ರ, ಬಲಕ್ಕೆ ಗೋಡೆ ನಿಲ್ಲಿಸಿದ ಹಾಗೆ ಬೆಟ್ಟ, ನಡುವೆ ನೇರ ರಸ್ತೆ. ಮಂಗಳೂರು-ಉಡುಪಿ ಕಡೆಯವರಿಗೆ ಸಮುದ್ರ ಹೊಸತಲ್ಲ. ಆದರೆ ಪಕ್ಕದಲ್ಲಿ ಒಂದು ತೆಂಗಿನ ಮರವೂ ಇಲ್ಲದ ಸಮುದ್ರ ನೋಡುವಾಗ ಏನೋ ಕಳಕೊಂಡ ಹಾಗೆ ಆಗುತ್ತದೆ.

ಈ ದಾರಿಯ ಬಗ್ಗೆ ಬರೆಯುವವರು ಬಿಮ್ಮಾದ ಗುಂಡಿ, ವಾದಿ ಶಾಬ್, ಸೂರ್‌ನ ಹಡಗು ಕಟ್ಟೆ ಎಂದು ಬರೆಯುತ್ತಾರೆ. ನಾವೂ ಅವನ್ನೆಲ್ಲ ನೋಡಿದೆವು. ಆದರೆ ಈ ಸಲ ನಮ್ಮ ಪ್ರವಾಸದ ಮುಖ್ಯ ಜಾಗ ಒಂದು ಹಳೇ ಪಿಕಪ್‌ನ ಬಾನೆಟ್ ಕೆಳಗಿತ್ತು. ನಮ್ಮ ಬಳಗದಲ್ಲಿ ಹಳೇ ಗಾಡಿ ಓಡಿಸಿ ಸಂಬಳ ಪಡೆಯುವವರು ಬಹಳ ಜನ ಇದ್ದಾರೆ. ಅವರ ಉಪಯೋಗಕ್ಕೆ ಬರಲಿ ಎಂದು ಈ ಬರಹ.

ಗಾಡಿ ಮತ್ತು ಅದರ ಡ್ರೈವರ್

ನಮ್ಮ ಪಕ್ಕದ ಕೋಣೆಯಲ್ಲಿ ಬಂಟ್ವಾಳ ಕಡೆಯ ಗೆಳೆಯರೊಬ್ಬರಿದ್ದಾರೆ. ಏಸಿ ಜೋಡಿಸುವ ಒಂದು ಸಣ್ಣ ಕಂಪನಿಯಲ್ಲಿ ಡ್ರೈವರ್. ಕಂಪನಿಯ ಗಾಡಿ 2002ರ ಮಾಡೆಲ್ ಡಬಲ್ ಕ್ಯಾಬಿನ್ ಪಿಕಪ್, ಪೆಟ್ರೋಲ್ ಇಂಜಿನ್, ಕೈ ಗೇರು. ಇಂಜಿನ್ ಗಟ್ಟಿ. ತೊಂದರೆ ಇದ್ದದ್ದು ಸೆಲ್ಫ್‌ನಲ್ಲಿ. ಬೆಳಿಗ್ಗೆ ಬೀಗ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಒಂದು ಗಂಟೆ ಓಡಿಸಿ, ಸಾಮಾನು ಇಳಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ತಿರುಗಿಸಿದರೆ "ಟಿಕ್" ಅನ್ನುತ್ತದೆ, ಸುಮ್ಮನಾಗುತ್ತದೆ. ಅರ್ಧ ಗಂಟೆ ಕಾದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ.

ಎರಡು ಗ್ಯಾರೇಜಿಗೆ ತೋರಿಸಿದ್ದಾಯಿತು. ಮೊದಲನೆಯವರು ಬ್ಯಾಟರಿ ಹೋಗಿದೆ ಎಂದರು. 28 ರಿಯಾಲ್ ಕೊಟ್ಟು ಹೊಸ ಬ್ಯಾಟರಿ ಹಾಕಿದ್ದಾಯಿತು, ಮೂರನೇ ದಿನ ಮತ್ತೆ ಅದೇ ಟಿಕ್. ಎರಡನೆಯವರು ಸೆಲ್ಫ್ ಮೋಟಾರೇ ಬದಲಿಸಬೇಕು, 45 ರಿಯಾಲ್ ಎಂದರು. ಇಷ್ಟು ಹೊತ್ತಿಗೆ ಕಂಪನಿಯ ಮ್ಯಾನೇಜರಿಗೆ ಸಿಟ್ಟು ಬಂದಿತ್ತು. ಗಾಡಿಯನ್ನು ಹಾಳು ಮಾಡುವುದೇ ಡ್ರೈವರು, ಬ್ಯಾಟರಿಯ ದುಡ್ಡು ಈ ತಿಂಗಳು, ಸೆಲ್ಫ್‌ನ ದುಡ್ಡು ಮುಂದಿನ ತಿಂಗಳು ಸಂಬಳದಲ್ಲಿ ಕಡಿತ ಎಂದು ಹೇಳಿಯೇ ಬಿಟ್ಟರು. ಊರಿನಲ್ಲಿ ಮಗಳ ಪಿ.ಯು.ಸಿ. ಫೀಸು ಕಟ್ಟುವ ತಿಂಗಳು ಅದು. 73 ರಿಯಾಲ್ ಅಂದರೆ ಅವರ ಮನೆಗೆ ಹೋಗುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ.

ಮೇ ತಿಂಗಳ ಒಂದು ಶುಕ್ರವಾರ ಸೂರ್‌ನಲ್ಲಿ ನಾಲ್ಕು ಏಸಿ ಇಳಿಸಲಿಕ್ಕಿತ್ತು. "ಒಬ್ಬನೇ ಹೋಗ್ಲಿಕ್ಕೆ ಧೈರ್ಯ ಇಲ್ಲ ಮಾರಾಯ್ರೆ, ದಾರಿಯಲ್ಲಿ ನಿಂತ್ರೆ ತಳ್ಳುವವರಾದ್ರೂ ಬೇಕಲ್ಲ" ಎಂದರು. ನಾವು ಮೂವರು ಜೊತೆಗೆ ಹೊರಟೆವು. ನೀರಿನ ಬಾಟಲಿ ಒಂದು ಡಜನ್, ಚಿತ್ರಾನ್ನ, ಮತ್ತು ರೂವಿಯ ಅಂಗಡಿಯಲ್ಲಿ ಎರಡೂವರೆ ರಿಯಾಲಿಗೆ ಕೊಂಡ ಒಂದು ಸಣ್ಣ ಮಲ್ಟಿಮೀಟರ್ ಜೊತೆಗಿತ್ತು.

ಬಿಮ್ಮಾದ ಗುಂಡಿಯ ಹತ್ತಿರ

ಕುರಿಯಾತ್ ದಾಟಿ ಸ್ವಲ್ಪ ದೂರ ಹೋದರೆ ಹವಿಯ್ಯತ್ ನಜ್ಮ್ ಪಾರ್ಕ್. ಸುಣ್ಣಕಲ್ಲಿನ ನೆಲ ಒಳಗೊಳಗೆ ಕರಗಿ, ಮೇಲಿನ ಚಪ್ಪಡಿ ಕುಸಿದು ಆದ ದೊಡ್ಡ ಗುಂಡಿ ಅದು. ಆಕಾಶದಿಂದ ನಕ್ಷತ್ರ ಬಿದ್ದು ಗುಂಡಿ ಆಯಿತು ಎಂದು ಅಲ್ಲಿಯವರ ನಂಬಿಕೆ, ಹೆಸರೂ ಅದೇ. ಕೆಳಗೆ ಇಳಿಯಲು ಮೆಟ್ಟಿಲುಗಳಿವೆ. ತಳದಲ್ಲಿ ನೀಲಿ-ಹಸಿರು ನೀರು. ಕಾಲು ಇಳಿಬಿಟ್ಟು ಕೂತರೆ ಸಣ್ಣ ಮೀನುಗಳು ಬಂದು ಮುತ್ತುತ್ತವೆ. ಗಟ್ಟಿ ನೆಲ ಎಂದು ಕಾಣುವುದರ ಅಡಿಯಲ್ಲಿ ಏನು ಕರಗುತ್ತಾ ಇರುತ್ತದೋ ಮೇಲಿನಿಂದ ಗೊತ್ತಾಗುವುದಿಲ್ಲ.

ಇಪ್ಪತ್ತು ನಿಮಿಷ ಕೂತು ಮೇಲೆ ಬಂದು ಬೀಗ ತಿರುಗಿಸಿದರೆ ಟಿಕ್. ಇನ್ನೊಮ್ಮೆ, ಟಿಕ್. ಗೆಳೆಯರ ಮುಖ ನೋಡಲಿಕ್ಕಾಗಲಿಲ್ಲ. ಹೊರಗೆ ಹತ್ತೂವರೆಗೇ ಸುಡುವ ಬಿಸಿಲು. ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸವನ್ನು ಸರ್ಕಾರವೇ ನಿಷೇಧಿಸಿದೆ. ಮೇ ತಿಂಗಳಿಗೆ ಆ ನಿಯಮ ಬರುವುದಿಲ್ಲ, ಆದರೆ ಬಿಸಿಲಿಗೆ ಅದು ಗೊತ್ತಿಲ್ಲ. ಇದು ನಾಲ್ಕು ಜನ ಓಡಾಡುವ ಪಾರ್ಕ್ ಆದ್ದರಿಂದ ಪರವಾಗಿಲ್ಲ. ಒಳನಾಡಿನ ಮಣ್ಣು ರಸ್ತೆಯಲ್ಲಿ ಒಬ್ಬರೇ ಇದ್ದಾಗ ಹೀಗಾದರೆ ಅದು ಬರೀ ದುಡ್ಡಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೂವರು ತಳ್ಳಿದೆವು. ಗೆಳೆಯರು ಬೀಗ ಆನ್ ಮಾಡಿ, ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿಟ್ಟು, ಗಾಡಿಗೆ ಓಟ ಬಂದ ಕೂಡಲೇ ಕ್ಲಚ್ ಬಿಟ್ಟರು. ಒಂದು ಜರ್ಕ್, ಇಂಜಿನ್ ಹಿಡಿಯಿತು.

ಲೆಕ್ಕದ ಕೆಲಸ ಮಾಡುವ ನಮಗೆ ಇಲ್ಲಿ ಒಂದು ದಾರಿ ಕಂಡಿತು. ವರ್ಷದ ಲೆಕ್ಕ ತಾಳೆಯಾಗದಿದ್ದರೆ ಹನ್ನೆರಡು ತಿಂಗಳನ್ನೂ ಮೊದಲಿನಿಂದ ಕೂಡಿಸುತ್ತಾ ಕೂರುವುದಿಲ್ಲ. ಮೊದಲು ಸೆಪ್ಟೆಂಬರ್ ಕೊನೆಗೆ ತಾಳೆ ನೋಡುತ್ತೇವೆ. ಅಲ್ಲಿಗೆ ಸರಿ ಇದ್ದರೆ ತಪ್ಪು ಉಳಿದರ್ಧದಲ್ಲಿದೆ. ತಳ್ಳಿದಾಗ ಇಂಜಿನ್ ಹಿಡಿಯಿತು ಎಂದರೆ ಪೆಟ್ರೋಲ್, ಕಾಯಿಲ್, ಪ್ಲಗ್ ಎಲ್ಲ ಸದ್ಯಕ್ಕೆ ಸರಿ ಎಂದಾಯಿತು. ಉಳಿದದ್ದು ಸೆಲ್ಫ್ ತಿರುಗಿಸುವ ಭಾಗ ಮಾತ್ರ.

ಮೂರು ಬಗೆಯ ಸದ್ದು

ಸೆಲ್ಫ್ ತಿರುಗಬೇಕಾದರೆ ಎರಡು ದಾರಿಯಲ್ಲಿ ಕರೆಂಟ್ ಹೋಗಬೇಕು. ಒಂದು ದಪ್ಪ ತಂತಿಯ ದಾರಿ. ಬ್ಯಾಟರಿಯ ಪ್ಲಸ್‌ನಿಂದ ಸೀದಾ ಸೆಲ್ಫ್ ಮೋಟಾರಿಗೆ, ಅಲ್ಲಿಂದ ಇಂಜಿನ್ನಿನ ಕಬ್ಬಿಣದ ಮೂಲಕ ಅರ್ಥಿಂಗ್ ತಂತಿ ಹಿಡಿದು ಬ್ಯಾಟರಿಯ ಮೈನಸ್‌ಗೆ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್ ತಿರುಗಿಸುವಾಗ ಈ ದಾರಿಯಲ್ಲಿ ಸುಮಾರು 100ರಿಂದ 200 ಆಂಪಿಯರ್ ಹರಿಯುತ್ತದೆ. ಇನ್ನೊಂದು ಸಪೂರ ತಂತಿಯ ದಾರಿ. ಬೀಗದ ಸ್ವಿಚ್ಚಿನ ಮೂಲಕ, ಕೆಲವು ಗಾಡಿಗಳಲ್ಲಿ ಕ್ಲಚ್ ಸ್ವಿಚ್ ಅಥವಾ ರಿಲೇಯ ಮೂಲಕ ಬಂದು, ಸೆಲ್ಫ್‌ನ ಬೆನ್ನಿಗಿರುವ ಸೋಲೆನಾಯ್ಡ್‌ಗೆ ಸೇರುತ್ತದೆ. ಸೋಲೆನಾಯ್ಡ್‌ಗೆ ಎರಡು ಕೆಲಸ: ಸಣ್ಣ ಹಲ್ಲಿನ ಚಕ್ರವನ್ನು ಮುಂದೆ ದೂಡಿ ಫ್ಲೈವೀಲಿಗೆ ಕಚ್ಚಿಸುವುದು, ಒಳಗಿನ ತಾಮ್ರದ ಕಾಂಟಾಕ್ಟ್ ಕೂಡಿಸಿ ದಪ್ಪ ತಂತಿಯ ಕರೆಂಟನ್ನು ಮೋಟಾರಿಗೆ ಬಿಡುವುದು. ಸಪೂರ ತಂತಿಯ ಕರೆಂಟು ಅಪ್ಪಣೆ, ದಪ್ಪ ತಂತಿಯದು ಶಕ್ತಿ.

ಆದ್ದರಿಂದ ಬೀಗ ತಿರುಗಿಸಿದಾಗ ಬರುವ ಸದ್ದು ಕೇಳಿದರೇ ಅರ್ಧ ರೋಗ ಗೊತ್ತಾಗುತ್ತದೆ.

ಟಕ್ ಟಕ್ ಟಕ್ ಟಕ್ ಎಂದು ಬೇಗ ಬೇಗ ಬಡಿದುಕೊಂಡರೆ, ಡ್ಯಾಶ್‌ಬೋರ್ಡಿನ ದೀಪಗಳೂ ಮಂಕಾದರೆ, ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ. ಸೋಲೆನಾಯ್ಡ್ ಹಿಡಿಯುತ್ತದೆ, ಮೋಟಾರ್ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಬೀಳುತ್ತದೆ, ಸೋಲೆನಾಯ್ಡ್ ಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ.

ಒಂದೇ ಒಂದು ಗಟ್ಟಿ "ಠಕ್" ಬಂದು ಮೋಟಾರ್ ತಿರುಗದಿದ್ದರೆ ಅಪ್ಪಣೆ ತಲುಪಿದೆ, ಶಕ್ತಿ ತಲುಪಿಲ್ಲ. ಸೋಲೆನಾಯ್ಡ್‌ನ ತಾಮ್ರದ ಕಾಂಟಾಕ್ಟ್ ಸವೆದಿರಬಹುದು, ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು, ದಪ್ಪ ತಂತಿಯ ಅಥವಾ ಅರ್ಥಿಂಗಿನ ಜೋಡಣೆ ಹಾಳಾಗಿರಬಹುದು. ಇಂಥ ಹೊತ್ತಿನಲ್ಲಿ ಸೆಲ್ಫ್‌ನ ಮೈಗೆ ಸ್ಪ್ಯಾನರಿನಲ್ಲಿ ಮೆಲ್ಲಗೆ ತಟ್ಟಿದರೆ ತಿರುಗಿತು ಎಂದಾದರೆ ಬ್ರಷ್ ಅಥವಾ ಕಾಂಟಾಕ್ಟ್ ಮೇಲೆ ಸಂಶಯ ಪಡಬಹುದು.

ಏನೂ ಸದ್ದಿಲ್ಲದಿದ್ದರೆ, ಅಥವಾ ನಮ್ಮ ಗಾಡಿಯ ಹಾಗೆ ಬಡಕಲು "ಟಿಕ್" ಮಾತ್ರ ಬಂದರೆ, ಅಪ್ಪಣೆಯೇ ಸರಿಯಾಗಿ ತಲುಪುತ್ತಿಲ್ಲ. ಬೀಗದ ಸ್ವಿಚ್, ಫ್ಯೂಸ್, ರಿಲೇ, ಕ್ಲಚ್ ಸ್ವಿಚ್, ಸಪೂರ ತಂತಿಯ ಕನೆಕ್ಟರ್ ನೋಡಬೇಕು.

ಬಿಸಿಯಾದಾಗ ಮಾತ್ರ ಯಾಕೆ ಹೀಗೆ? ಗಾಡಿ ಓಡುವಾಗ ಗಾಳಿ ಬಡಿದು ಇಂಜಿನ್ ತಣ್ಣಗಾಗುತ್ತಾ ಇರುತ್ತದೆ. ನಿಲ್ಲಿಸಿದ ಮೇಲೆ ಗಾಳಿಯಿಲ್ಲ, ಇಂಜಿನ್ನಿನ ಬಿಸಿಯೆಲ್ಲ ಬಾನೆಟ್ ಒಳಗೇ ಕೂರುತ್ತದೆ. ತಾಮ್ರದ ತಂತಿಯ ತಡೆ ಪ್ರತಿ 10 ಡಿಗ್ರಿಗೆ ಸುಮಾರು ಶೇಕಡಾ 4ರಷ್ಟು ಹೆಚ್ಚುತ್ತದೆ. ಬೆಳಿಗ್ಗೆ 30 ಡಿಗ್ರಿ ಇದ್ದ ಸೋಲೆನಾಯ್ಡ್ ಮಧ್ಯಾಹ್ನ 100 ಡಿಗ್ರಿ ಆದರೆ ಅದರ ಸುರುಳಿಯ ತಡೆ ಕಾಲು ಭಾಗಕ್ಕಿಂತ ಹೆಚ್ಚು ಏರಿರುತ್ತದೆ. ಹೊಸ ಗಾಡಿಯಲ್ಲಿ ಪೂರ್ತಿ ವೋಲ್ಟೇಜ್ ಬರುವುದರಿಂದ ಇದು ಗೊತ್ತೇ ಆಗುವುದಿಲ್ಲ. ಹಳೇ ಗಾಡಿಯಲ್ಲಿ ಸ್ವಿಚ್ಚು, ಕನೆಕ್ಟರ್ ಮೊದಲೇ ಅರ್ಧ ತಿಂದಿರುತ್ತವೆ. ಉಳಿದದ್ದು ಬೆಳಿಗ್ಗೆಗೆ ಸಾಕಾಗುತ್ತದೆ, ಮಧ್ಯಾಹ್ನಕ್ಕೆ ಸಾಲುವುದಿಲ್ಲ.

ಸೂರ್‌ನಲ್ಲಿ ಇಂಜಿನ್ ಆಫ್ ಮಾಡದೆ ಒಂದು ಮಧ್ಯಾಹ್ನ

ದಾರಿಯಲ್ಲಿ ಗೆಳೆಯರು ನಾಲ್ಕಾರು ಕಡೆ ಫೋನ್ ಮಾಡಿ ಸೂರ್‌ನಲ್ಲಿ ಗಾಡಿಯ ವೈರಿಂಗ್ ಕೆಲಸ ಮಾಡುವ ಒಬ್ಬರನ್ನು ಹುಡುಕಿದರು. ಕಣ್ಣೂರು ಕಡೆಯವರು, ಮೂವತ್ತು ವರ್ಷದಿಂದ ಇದೇ ಕಸುಬು. ಶುಕ್ರವಾರ ಆದ್ದರಿಂದ ಸಂಜೆ ನಾಲ್ಕಕ್ಕೆ ಅಂಗಡಿ ತೆರೆಯುತ್ತೇನೆ ಎಂದರು. ಜೊತೆಗೆ ಒಂದು ಮಾತು ಹೇಳಿದರು: "ಇಂಜಿನ್ ಆಫ್ ಮಾಡಬೇಡಿ. ತಣ್ಣಗಾದ ಗಾಡಿ ಸುಳ್ಳು ಹೇಳ್ತದೆ. ಬಿಸಿ ಇರುವಾಗಲೇ ತನ್ನಿ."

ಎರಡು ಗ್ಯಾರೇಜಿನವರಿಗೂ ಗಾಡಿ ತೋರಿಸಿದ್ದು ಬೆಳಿಗ್ಗೆ, ಅದು ಚೆನ್ನಾಗಿ ಸ್ಟಾರ್ಟ್ ಆಗುತ್ತಿದ್ದ ಹೊತ್ತಿನಲ್ಲಿ. ರೋಗ ಇಲ್ಲದ ಹೊತ್ತಿನಲ್ಲಿ ನೋಡಿದವರು ಅಂದಾಜಿನ ಮೇಲೆ ಮದ್ದು ಕೊಟ್ಟಿದ್ದರು.

ಹಾಗಾಗಿ ಏಸಿ ಇಳಿಸಿದ್ದೂ ಇಂಜಿನ್ ಚಾಲು ಇಟ್ಟು. ಊಟ ಮಾಡಿದ್ದೂ ಸರದಿಯಲ್ಲಿ, ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತು. ಹಡಗು ಕಟ್ಟೆ ನೋಡಿದ್ದೂ ಹಾಗೆಯೇ, ಇಬ್ಬರು ಒಳಗೆ, ಇಬ್ಬರು ಗಾಡಿಯ ಹತ್ತಿರ.

ಸೂರ್ ಎಂದರೆ ಮರದ ಹಡಗು. ಇಲ್ಲಿ 1951ರಲ್ಲಿ ಕಟ್ಟಿದ ಫತಹ್ ಅಲ್ ಖೈರ್ ಎಂಬ ದೊಡ್ಡ ಹಡಗನ್ನು ಈಗ ದಡದಲ್ಲಿ ನಿಲ್ಲಿಸಿ ಕಾಪಾಡಿದ್ದಾರೆ. 1980ರಲ್ಲಿ ಇಲ್ಲೇ ಕಟ್ಟಿದ ಸೊಹಾರ್ ಎಂಬ ಹಡಗು ಮಸ್ಕತ್‌ನಿಂದ ಚೀನಾದವರೆಗೆ ಹೋಯಿತು. ಅದರ ಹಲಗೆಗಳಿಗೆ ಮೊಳೆ ಹೊಡೆದಿರಲಿಲ್ಲ. ಹಳೇ ಕಾಲದ ಪದ್ಧತಿಯಂತೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದರು. ಮರ ನಮ್ಮ ಕಡೆಯ ಮಲಬಾರ್ ಕರಾವಳಿಯದು. ಈ ಸಮುದ್ರದಲ್ಲಿ ನಮ್ಮವರ ಸಂಬಂಧ ಇವತ್ತಿನ ವೀಸಾದಿಂದ ಶುರುವಾದದ್ದಲ್ಲ. ಕೆನರಾ ಕರಾವಳಿಯ ಅಕ್ಕಿ ಶತಮಾನಗಳ ಕಾಲ ಮಸ್ಕತ್‌ಗೆ ಬರುತ್ತಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರಿನದೇ ಒಂದು ವ್ಯಾಪಾರದ ಕೋಠಿ ಮಸ್ಕತ್‌ನಲ್ಲಿತ್ತು.

ಕಟ್ಟೆಯಲ್ಲಿ ಅರ್ಧ ಕಟ್ಟಿದ ಹಡಗಿನ ಪಕ್ಕೆಯಲ್ಲಿ ಒಬ್ಬ ಬಡಗಿ ಹಲಗೆ ಹಲಗೆ ಸೇರುವ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ಜಡಿಯುತ್ತಿದ್ದ. ಹಲಗೆ ಸೋರುವುದಿಲ್ಲ, ಸಂದು ಸೋರುತ್ತದೆ ಎಂದು ಹಿಂದಿಯಲ್ಲಿ ಹೇಳಿದ. ಒಂದು ಗಂಟೆ ಕಳೆದು ವೈರಿಂಗ್ ಅಂಗಡಿಯಲ್ಲೂ ಹೆಚ್ಚು ಕಡಿಮೆ ಅದೇ ಮಾತು ಕೇಳಿದೆವು.

ಜಮಾ-ಖರ್ಚು

ಚೇಟ್ಟ ಬಾನೆಟ್ ಎತ್ತಿ, ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಚಹಾ ಕುಡಿದರು. ಆಮೇಲೆ ಗೆಳೆಯರನ್ನು ಬೀಗ ತಿರುಗಿಸಿ ಹಿಡಿಯಲು ಹೇಳಿದರು. ಟಿಕ್. "ಹಾ, ಈಗ ಸತ್ಯ ಹೇಳ್ತಿದೆ" ಎಂದು ಮೀಟರ್ ತೆಗೆದರು.

ಅವರು ಮಾಡಿದ್ದು ಇಷ್ಟೇ. ಬ್ಯಾಟರಿಯಿಂದ ಹೊರಟ ವೋಲ್ಟೇಜ್ ಎಷ್ಟು, ಸೋಲೆನಾಯ್ಡ್‌ಗೆ ತಲುಪಿದ್ದು ಎಷ್ಟು, ನಡುವೆ ಯಾವ ಕೈ ಎಷ್ಟು ತಿಂದಿತು ಎಂದು ಒಂದೊಂದೇ ಜೋಡಣೆಯ ಎರಡು ಕಡೆ ಮೀಟರಿನ ಕಡ್ಡಿ ಇಟ್ಟು ನೋಡಿದರು. ಪ್ರತಿ ಸಲವೂ ಬೀಗ ತಿರುಗಿಸಿ ಹಿಡಿದಿರುವಾಗಲೇ ನೋಡಬೇಕು, ಎರಡು-ಮೂರು ಸೆಕೆಂಡು ಸಾಕು. ಕರೆಂಟ್ ಹರಿಯದಿದ್ದಾಗ ತುಕ್ಕು ಹಿಡಿದ ಜೋಡಣೆಯೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಹೊರೆ ಬಿದ್ದಾಗ ಮಾತ್ರ ಬಣ್ಣ ಬಯಲಾಗುತ್ತದೆ. ನಾವು ಬಿಲ್ಲಿನ ಹಿಂದೆ ಹೀಗೆ ಬರೆದುಕೊಂಡೆವು:

ಬ್ಯಾಟರಿಯಲ್ಲಿ – 12.3 ವೋಲ್ಟ್
ಬೀಗದ ಸ್ವಿಚ್ಚಿನವರೆಗಿನ ತಂತಿಯಲ್ಲಿ ಹೋದದ್ದು – 0.2
ಬೀಗದ ಸ್ವಿಚ್ಚಿನ ಒಳಗೆ ಹೋದದ್ದು – 2.9
ಸೋಲೆನಾಯ್ಡ್ ಕಡೆಯ ತಂತಿ, ಕನೆಕ್ಟರಿನಲ್ಲಿ ಹೋದದ್ದು – 1.4
ಅರ್ಥಿಂಗ್ ತಂತಿಯಲ್ಲಿ ಹೋದದ್ದು – 0.2
ಸೋಲೆನಾಯ್ಡ್‌ಗೆ ತಲುಪಿದ್ದು – 7.6

ಕೂಡಿಸಿ ನೋಡಿ, ತಾಳೆಯಾಗುತ್ತದೆ. 4.7 ವೋಲ್ಟ್ ದಾರಿಯಲ್ಲೇ ಖರ್ಚು. ಹೊಸ ಬ್ಯಾಟರಿ ಹಾಕಿದ್ದು ದೊಡ್ಡ ಸಂಬಳ ಬರುವ ಮನೆಯಲ್ಲಿ ತೂತು ಕಿಸೆಯ ಅಂಗಿ ಹಾಕಿದ ಹಾಗೆ ಆಗಿತ್ತು. ಹೊಸ ಸೆಲ್ಫ್ ಮೋಟಾರ್ ಹಾಕಿದ್ದರೂ ಅದೇ 7.6 ವೋಲ್ಟ್ ಬರುತ್ತಿತ್ತು. ಹೊಸತಾದ್ದರಿಂದ ಒಂದೆರಡು ತಿಂಗಳು ಹೇಗೋ ನಡೆದು, ಬೇಸಿಗೆಯ ನಡುವೆ ಮತ್ತೆ ಟಿಕ್ ಅನ್ನುತ್ತಿತ್ತು. ಆಗ ತಪ್ಪು ಡ್ರೈವರಿನ ತಲೆಗೇ.

ರಿಪೇರಿ ಎರಡು ಭಾಗವಾಗಿ ಆಯಿತು. ಮೊದಲನೆಯದು ರಿಲೇ. ಬೀಗದಿಂದ ಬರುವ ಸಪೂರ ತಂತಿ ಇನ್ನು ರಿಲೇಯನ್ನು ಮಾತ್ರ ಎಬ್ಬಿಸಿದರೆ ಸಾಕು. ಅದಕ್ಕೆ ಒಂದು ಆಂಪಿಯರ್ ಕೂಡ ಬೇಡ, ಆದ್ದರಿಂದ ಸವೆದ ಸ್ವಿಚ್ಚಿಗೂ ಹೊರೆಯಿಲ್ಲ. ಸೋಲೆನಾಯ್ಡ್‌ಗೆ ಬೇಕಾದ ಕರೆಂಟು ಬ್ಯಾಟರಿಯಿಂದ ಫ್ಯೂಸ್ ಮೂಲಕ, ರಿಲೇ ಮೂಲಕ, ಹೊಸ ಗಟ್ಟಿ ತಂತಿಯಲ್ಲಿ ಸೀದಾ ಹೋಗುತ್ತದೆ. ಬ್ಯಾಟರಿಯಿಂದ ಹೊಸ ತಂತಿ ಎಳೆದರೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಲೇಬೇಕು. ಇಲ್ಲದಿದ್ದರೆ ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದಾಗ ಗಾಡಿಗೆ ಬೆಂಕಿ ಬೀಳಬಹುದು.

ರಿಲೇ ಹಾಕಿ ತಿರುಗಿಸಿದಾಗ ಬಿಸಿ ಇಂಜಿನ್ ಮೊದಲ ಸಲಕ್ಕೇ ತಿರುಗಿತು, ಆದರೆ ಸ್ವಲ್ಪ ಎಳೆದೆಳೆದು. ಚೇಟ್ಟ ಆಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಇಂಜಿನ್ನಿನ ಬರಿಯ ಕಬ್ಬಿಣದ ಮೇಲೆ ಇಟ್ಟರು. ತಿರುಗುವಾಗ 1.0 ವೋಲ್ಟ್. ಇಲ್ಲಿ 0.2, ಬಹಳ ಎಂದರೆ 0.3 ಇರಬೇಕಾದದ್ದು. 150 ಆಂಪಿಯರ್ ಎಂದು ಹಿಡಿದರೂ 150 ವಾಟ್ ಒಂದು ತುಕ್ಕು ಹಿಡಿದ ಬೋಲ್ಟಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಕೆಳಗೆ ನುಗ್ಗಿ ಅರ್ಥಿಂಗ್ ತಂತಿ ಬಿಚ್ಚಿದರೆ ತುದಿಯಲ್ಲಿ ಹಸಿರು ಕಿಲುಬು, ಬೋಲ್ಟಿನ ಅಡಿಯಲ್ಲಿ ಮಣ್ಣು ಮತ್ತು ಬಣ್ಣ. ಎಮರಿ ಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ, ಹೊಸ ತಂತಿ ಹಾಕಿ ಬಿಗಿ ಮಾಡಿದ ಮೇಲೆ 0.15ಕ್ಕೆ ಇಳಿಯಿತು. ಸೆಲ್ಫ್‌ನ ಸದ್ದೇ ಬೇರೆಯಾಯಿತು.

ರಿಲೇ, ಫ್ಯೂಸ್, ತಂತಿ, ಕೂಲಿ ಎಲ್ಲ ಸೇರಿ 11 ರಿಯಾಲ್.

ಕಿಡಿಯ ಲೆಕ್ಕ ಬೇರೆ

ಚೇಟ್ಟ ಬೀಗದ ಗೊಂಚಲು ಕೈಯಲ್ಲಿ ತೂಗಿ ನೋಡಿದರು. ಗೋದಾಮು, ಕೋಣೆ, ಸೈಟು ಎಂದು ಹದಿನಾಲ್ಕು ಬೀಗದಕೈ. ಓಡುವಾಗ ಈ ಭಾರ ಅಲ್ಲಾಡಿ ಅಲ್ಲಾಡಿ ಸ್ವಿಚ್ಚಿನ ಒಳಗಿನ ಕಾಂಟಾಕ್ಟ್ ಬೇಗ ಸವೆಯುತ್ತದೆ. ಹಂಪ್ ಮೇಲೆ ಇಂಜಿನ್ ಒಂದು ಗಳಿಗೆ ಕಣ್ಣು ಮುಚ್ಚಿದ ಹಾಗೆ ಆಗುತ್ತದೆಯೇ ಎಂದು ಕೇಳಿದರು. ಗೆಳೆಯರು ಹೌದೆಂದು ತಲೆ ಹಾಕಿದರು. ಇಗ್ನಿಷನ್ ಕಾಯಿಲಿಗೆ ಹೋಗುವ ಕರೆಂಟೂ ಅದೇ ಸ್ವಿಚ್ಚಿನ ಇನ್ನೊಂದು ಕಾಂಟಾಕ್ಟಿನಿಂದ ಹೋಗುವುದು. ಆದ್ದರಿಂದ ರಿಲೇ ಹಾಕಿದೆವೆಂದು ಸ್ವಿಚ್ಚನ್ನು ಮರೆಯಬಾರದು, ಸಂಬಳ ಆದ ಮೇಲೆ ಬದಲಿಸಿ ಎಂದರು. ಬಹಳ ಗಾಡಿಗಳಲ್ಲಿ ಬೀಗದ ಹಿಂದಿನ ಎಲೆಕ್ಟ್ರಿಕ್ ಭಾಗ ಮಾತ್ರ ಬೇರೆಯಾಗಿ ಸಿಗುತ್ತದೆ, ಹೊಸ ಬೀಗದಕೈ ಬೇಡ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಅದು ಕಿಡಿಯ ಅಥವಾ ಪೆಟ್ರೋಲಿನ ತೊಂದರೆ. ಹಳೇ ಗಾಡಿಯಲ್ಲಿ ಇಲ್ಲೂ ಬೀಗವೇ ಸುಳಿವು ಕೊಡುತ್ತದೆ. ಸೆಲ್ಫ್ ತಿರುಗುವಾಗ ಹಿಡಿದು, ಬೀಗ ಬಿಟ್ಟ ಕೂಡಲೇ ಇಂಜಿನ್ ಸತ್ತರೆ, ಸ್ವಿಚ್ಚಿನ 'ರನ್' ಕಾಂಟಾಕ್ಟ್ ಅಥವಾ ಕಾಯಿಲಿನ ಸರಣಿಯಲ್ಲಿರುವ ರೆಸಿಸ್ಟರ್ ಹೋಗಿರಬಹುದು. ತಿರುಗುವಷ್ಟು ಹೊತ್ತು ಹಿಡಿಯದೆ, ಬೀಗ ಬಿಡುವ ಗಳಿಗೆಯಲ್ಲಿ ಹಿಡಿದರೆ, 'ಸ್ಟಾರ್ಟ್' ಸ್ಥಾನದಲ್ಲಿ ಕಾಯಿಲಿಗೆ ಕರೆಂಟ್ ಹೋಗುತ್ತಿಲ್ಲ, ಅಥವಾ ಸೆಲ್ಫ್ ಎಳೆಯುವ ಎಳೆತಕ್ಕೆ ವೋಲ್ಟೇಜ್ ಪೂರ್ತಿ ಬಿದ್ದುಹೋಗುತ್ತಿದೆ. ಓಡುತ್ತಾ ಬಿಸಿಯಾದ ಮೇಲೆ ನಿಂತು, ತಣ್ಣಗಾದ ಮೇಲೆ ಮತ್ತೆ ಓಡಿದರೆ, ಕಾಯಿಲ್ ಅಥವಾ ಇಗ್ನೈಟರ್ ಮೇಲೆ ಸಂಶಯ. ಕಿಡಿ ನೋಡಲು ಪ್ಲಗ್ಗಿನ ತಂತಿಯನ್ನು ಕೈಯಲ್ಲಿ ಹಿಡಿಯಬೇಡಿ. ಅಲ್ಲಿರುವುದು ಸಾವಿರಾರು ವೋಲ್ಟ್. ಸಣ್ಣ ಸ್ಪಾರ್ಕ್ ಟೆಸ್ಟರ್ ಕಡಿಮೆ ದುಡ್ಡಿಗೆ ಸಿಗುತ್ತದೆ.

ವಾಪಸ್ ದಾರಿಯಲ್ಲಿ

ಸಂಜೆ ಆರೂವರೆಗೆ ಸೂರ್ ಬಿಟ್ಟೆವು. ಕಲ್ಹಾತ್ ಹತ್ತಿರ ಬರುವಾಗ ಬೆಳಕು ಹೋಗುತ್ತಿತ್ತು. ಒಂದು ಕಾಲದ ದೊಡ್ಡ ಬಂದರು, 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದಿದ್ದ ಊರು. ಈಗ ಉಳಿದಿರುವುದು ಬೀಬಿ ಮರಿಯಂ ಗೋರಿ ಮತ್ತು ಕಲ್ಲಿನ ರಾಶಿ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ವಾದಿ ಶಾಬ್ ನೋಡುವ ಹೊತ್ತು ದಾಟಿತ್ತು. ತಿವಿಯಲ್ಲಿ ಚಹಾಕ್ಕೆ ನಿಲ್ಲಿಸಿ, ಬೇಕೆಂದೇ ಇಂಜಿನ್ ಆಫ್ ಮಾಡಿ, ಹದಿನೈದು ನಿಮಿಷ ಬಿಟ್ಟು ಬೀಗ ತಿರುಗಿಸಿದೆವು. ತಿರುಗಿತು. ಕುರಿಯಾತ್‌ನಲ್ಲಿ ಮತ್ತೊಮ್ಮೆ ನೋಡಿದೆವು. ಅಲ್ಲೂ ತಿರುಗಿತು. ಅಮೆರಾತ್ ಇಳಿಜಾರಿನಲ್ಲಿ ಗೆಳೆಯರು ತುಳುವಿನಲ್ಲಿ ಏನೋ ಹಾಡು ಗುನುಗುತ್ತಿದ್ದರು.

ಆ ರಾತ್ರಿಯೇ ಬಿಲ್ಲಿನ ಹಿಂದಿನ ಲೆಕ್ಕವನ್ನು ಬಿಳಿ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ನೀಟಾಗಿ ಬರೆದು ಕೊಟ್ಟೆವು. ರಿಪೇರಿಗೆ ಮೊದಲು ಇಷ್ಟು, ನಂತರ ಇಷ್ಟು, ಹೋದ ಸಾಮಾನು ಯಾವುದು, ಅದು ಸವೆಯಲು ಕಾರಣ ಏನು ಎಂದು. ಅಡಿಯಲ್ಲಿ 11 ರಿಯಾಲ್‌ನ ಬಿಲ್ಲು ಪಿನ್ ಮಾಡಿದೆವು. ಭಾನುವಾರ ಗೆಳೆಯರು ಅದನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟರು. ಮ್ಯಾನೇಜರ್ ಹಾಳೆಯನ್ನು ಎರಡು ಸಲ ಓದಿ, 11 ರಿಯಾಲ್ ಪಾಸು ಮಾಡಿದರಂತೆ. ಸೆಲ್ಫ್‌ನ 45 ರಿಯಾಲ್ ಕಡಿತದ ಮಾತು ನಿಂತಿತು. ಬ್ಯಾಟರಿಯ 28 ರಿಯಾಲ್ ಮಾತ್ರ ವಾಪಸ್ ಬರಲಿಲ್ಲ, ಅದು ಆಗಲೇ ಸಂಬಳದಲ್ಲಿ ಹೋಗಿತ್ತು. ಬಾಯಲ್ಲಿ ಹೇಳಿದರೆ ಕೂಲಿಯವನ ಕಾರಣ ಎನ್ನುತ್ತಾರೆ, ಅಂಕೆಯಲ್ಲಿ ಬರೆದು ಕೊಟ್ಟರೆ ಓದಲೇಬೇಕಾಗುತ್ತದೆ.

ಹಳೇ ಗಾಡಿ ಓಡಿಸುವವರಿಗೆ

ಗಾಡಿಯಲ್ಲಿ ಒಂದು ಮಲ್ಟಿಮೀಟರ್ ಇರಲಿ. ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಹೆಚ್ಚು ಕಡಿಮೆ ಅರ್ಧ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುದಿಯಾಗಿದೆ. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗಿದ್ದರೆ ಆಲ್ಟರ್ನೇಟರ್ ಸರಿ. ಈ ಸಂಖ್ಯೆಗಳನ್ನು ಸನ್‌ವೈಸರ್ ಹಿಂದೆ ಬರೆದಿಟ್ಟುಕೊಳ್ಳಿ.

ಟರ್ಮಿನಲ್ ಮೇಲೆ ಬಿಳಿ ಪುಡಿ ಕಂಡರೆ ಅಡುಗೆ ಸೋಡಾ ಕದಡಿದ ನೀರಲ್ಲಿ ತೊಳೆದು, ಒರೆಸಿ, ಉಜ್ಜಿ, ಬಿಗಿ ಮಾಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚಿ ಆಲ್ಟರ್ನೇಟರ್ ಪರೀಕ್ಷೆ ಮಾಡುವ ಹಳೇ ಅಭ್ಯಾಸ ಬಿಡಿ. ವೋಲ್ಟೇಜ್ ಒಮ್ಮೆಲೇ ಏರಿ ಗಾಡಿಯ ಎಲೆಕ್ಟ್ರಾನಿಕ್ ಭಾಗಗಳು ಸುಡುತ್ತವೆ.

ಜಂಪರ್ ಕೇಬಲ್ ಹಾಕುವಾಗ ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ನಿನ ಬರಿಯ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕೊನೆಯ ಕಿಡಿ ಅದರ ಹತ್ತಿರ ಹಾರಬಾರದು. ತೆಗೆಯುವಾಗ ಇದನ್ನೇ ತಿರುಗಾಮುರುಗಾ ಮಾಡಿ.

ಸೆಲ್ಫ್ ಮೇಲೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವುದನ್ನು ಬಹಳ ಜನ ಮಾಡುತ್ತಾರೆ. ಗಾಡಿ ಗೇರಿನಲ್ಲಿದ್ದರೆ ಅದು ಮುಂದೆ ಹಾರುತ್ತದೆ, ಅದರ ಮುಂದೆ ಇರುವುದು ನೀವು. ಬೇಡ.

ಗಾಡಿ ತೋರಿಸುವುದಿದ್ದರೆ ತೊಂದರೆ ಇರುವ ಹೊತ್ತಿನಲ್ಲೇ ತೋರಿಸಿ. ಹೊಸ ಸಾಮಾನು ಹಾಕುವ ಮೊದಲು, "ಅಳತೆ ಎಷ್ಟು ಬಂತು, ಬರೆದು ಕೊಡಿ" ಎಂದು ಕೇಳಿ. ಅಳೆಯದೆ ಹೇಳುವವರಾದರೆ ಇನ್ನೊಬ್ಬರ ಹತ್ತಿರ ಹೋಗಿ. ಬಿಲ್ಲು ಎಸೆಯಬೇಡಿ.

ಬೇಸಿಗೆಯಲ್ಲಿ ಊರು ಬಿಟ್ಟು ಹೋಗುವಾಗ ಒಬ್ಬರಿಗೆ ಕನಿಷ್ಠ ಐದು ಲೀಟರ್ ನೀರು ಗಾಡಿಯಲ್ಲಿರಲಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಕೋಣೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ. ಗಾಡಿ ನಿಂತರೆ ನಡೆದು ಹೋಗುವ ಸಾಹಸ ಬೇಡ, ನೆರಳಿದ್ದ ಕಡೆ ಗಾಡಿಯ ಹತ್ತಿರವೇ ಇರಿ. ಒಮಾನಿನಲ್ಲಿ ಪೊಲೀಸರ ತುರ್ತು ನಂಬರು 9999.